ಏಳು ಮನೆ ಬೆಕ್ಕಿಗೊಂದು ಕಡತ

ಬೆಕ್ಕು ಮರಿ ಹಾಕಿದರೆ ಅವನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಆ ಮಾತನ್ನೇ ಇಟ್ಟುಕೊಂಡು ಮಕ್ಕಳಿಗೆ ಒಂದು ಕತೆ ಕಟ್ಟಿದೆ. ಯಾರ ಮನೆಗೂ ಸೇರದ ಬೀದಿ ಬೆಕ್ಕೊಂದು ಮೂರು ಮರಿಗಳನ್ನು ಕಚ್ಚಿಕೊಂಡು ಊರೆಲ್ಲ ಅಲೆಯುವ ಕತೆ. ಕತೆ ಸಿಕ್ಕಿತು, ಆದರೆ ಅದನ್ನು ಹಾಳೆ ತಿರುಗಿಸುವ ಪುಸ್ತಕದಲ್ಲಿ ಹಾಕಲು ಮನಸ್ಸು ಬರಲಿಲ್ಲ. ಅಲೆಯುವ ಬೆಕ್ಕಿಗೆ ದಾರಿ ಬೇಕು. ಹಾಳೆ ತಿರುಗಿಸಿದ ಕೂಡಲೇ ದಾರಿ ತುಂಡಾಗುತ್ತದೆ. ಹಾಗಾಗಿ ಕಡತ ಮಾಡಲು ಹೊರಟೆ. ಏನೇನು ಬಳಸಿದೆ, ಅಳತೆ ಎಷ್ಟು, ಅಂಟು ಹೇಗೆ ಕಾಯಿಸಬೇಕು, ಮಕ್ಕಳ ಕೈಗೆ ಹೋದ ಮೇಲೆ ಎಲ್ಲಿ ಸವೆಯಿತು, ಹೇಗೆ ರಿಪೇರಿ ಮಾಡಿದೆ, ಎಲ್ಲ ಇಲ್ಲಿದೆ.

ಕಡತ ಎಂದರೆ ಇಲ್ಲಿ ಕಚೇರಿಯ ಫೈಲಲ್ಲ. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಅಂಟು ಹಚ್ಚಿ, ಇದ್ದಿಲಿನಿಂದ ಕಪ್ಪು ಮಾಡಿ, ಒಣಗಿದ ಮೇಲೆ ಹಿಂದೆ ಮುಂದೆ ಮಡಿಸಿ ಮಾಡುವ ಪುಸ್ತಕ. ಬರೆಯುವುದು ಬಳಪದಲ್ಲಿ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ನಮ್ಮ ವ್ಯಾಪಾರಿಗಳು ಲೆಕ್ಕ ಬರೆಯುತ್ತಿದ್ದದ್ದು ಇದರಲ್ಲೇ. ಶೃಂಗೇರಿ ಮಠದಲ್ಲಿ ಇಂಥ ಹಳೆಯ ಕಡತಗಳು ನೂರಾರು ಸಿಕ್ಕಿವೆ. 1890ರ ದಶಕದಲ್ಲಿ ಜರ್ಮನಿಯ ವಿದ್ವಾಂಸ ಬ್ಯೂಲರ್ ಭಾರತದ ಲಿಪಿಗಳ ಬಗ್ಗೆ ಬರೆಯುವಾಗ, ಕನ್ನಡದ ವ್ಯಾಪಾರಿಗಳು ಇನ್ನೂ ಕಡತ ಬಳಸುತ್ತಾರೆ ಎಂದು ಸೇರಿಸಿದ್ದಾರೆ. ಹುಣಸೆ ಬೀಜದ ಅಂಟು, ಇದ್ದಿಲು, ಬಳಪ, ಮೂರನ್ನೂ ಹೆಸರಿಸಿದ್ದಾರೆ. ಲೆಕ್ಕದ ಪುಸ್ತಕವಾಗಿ ಇಷ್ಟು ಕಾಲ ಬಾಳಿದ ವಸ್ತು ಮಕ್ಕಳ ಪುಸ್ತಕಕ್ಕೆ ಹೇಳಿ ಮಾಡಿಸಿದಂತಿದೆ. ಹರಿಯುವುದಿಲ್ಲ, ಎಷ್ಟು ಉದ್ದ ಬೇಕಾದರೂ ಎಳೆಯಬಹುದು, ಮಕ್ಕಳೂ ಅದರಲ್ಲಿ ಬರೆಯಬಹುದು.

ಈ ಕತೆಯೇ ಯಾಕೆ ಎಂದರೆ, ನಮ್ಮ ಬೀದಿಯಲ್ಲಿ ವರ್ಷಾವರ್ಷ ಒಂದು ಸಂಗತಿ ನಡೆಯುತ್ತದೆ. ಗೋಡೆ ಸಂದಿಯಲ್ಲಿ ಒಂಟಿ ಬೆಕ್ಕಿನ ಮರಿ ಕಂಡರೆ ಸಾಕು, ಮಕ್ಕಳು ಪಾಪ ಅನಾಥ ಅಂದುಕೊಂಡು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ. ಹಸುವಿನ ಹಾಲು ಕುಡಿಸುತ್ತಾರೆ. ಮರಿಗೆ ಅದು ಜೀರ್ಣವಾಗುವುದಿಲ್ಲ, ಭೇದಿ ಶುರುವಾಗುತ್ತದೆ. ಅತ್ತ ತಾಯಿ ಬಂದು ಹುಡುಕಿ ಕೂಗುತ್ತಿರುತ್ತದೆ. ತಾಯಿ ಬಿಟ್ಟು ಹೋಗಿದ್ದಲ್ಲ, ಮನೆ ಬದಲಿಸುತ್ತಿತ್ತು ಅಷ್ಟೇ. ಬೆಕ್ಕಿಗೆ ಇರುವುದು ಒಂದೇ ಬಾಯಿ. ಮೂರು ಮರಿ ಇದ್ದರೆ ಮೂರು ಸಲ ಹೊತ್ತುಕೊಂಡು ಹೋಗಬೇಕು, ನಡುವೆ ಎರಡು ಸಲ ಬರಿಬಾಯಲ್ಲಿ ವಾಪಸ್ ಬರಬೇಕು. ಅಷ್ಟು ಹೊತ್ತೂ ಯಾವುದಾದರೂ ಒಂದು ಕಡೆ ಮರಿ ಒಂಟಿಯಾಗಿಯೇ ಇರುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಬುದ್ಧಿವಾದ ಆಗುತ್ತದೆ. ದಾರಿಯ ಮೇಲಿನ ಹೆಜ್ಜೆಯಲ್ಲೇ ತೋರಿಸಿದರೆ ಮಕ್ಕಳೇ ಬೆರಳಿಟ್ಟು ಓದಿಕೊಳ್ಳುತ್ತಾರೆ. ಇಡೀ ಕಡತವನ್ನು ಈ ಮೂರು ಹೋಗು, ಎರಡು ಬಾ ಎನ್ನುವ ಲೆಕ್ಕದ ಮೇಲೆ ಕಟ್ಟಿದ್ದೇನೆ.

ಮಡಿಕೆಯ ಲೆಕ್ಕ

ಕತ್ತರಿ ಹಿಡಿಯುವ ಮುಂಚೆ ಒಂದು ಹಳೇ ಕ್ಯಾಲೆಂಡರ್ ಹಾಳೆಯನ್ನು ಪಟ್ಟಿ ಮಾಡಿ ಮಡಿಸಿ ನೋಡಿ. ನಾನೂ ಹಾಗೇ ಶುರು ಮಾಡಿದ್ದು. ಏಳು ಮನೆಗೆ ಏಳು ಮಡಿಕೆ. ಮನೆಮನೆಗಳ ನಡುವೆ ಆರು ದಾರಿ, ಅದಕ್ಕೆ ಆರು ಮಡಿಕೆ. ಹದಿಮೂರಾಯಿತು. ಮೊದಲಿಗೆ ಹೆಸರಿನ ಮಡಿಕೆ ಸೇರಿಸಿದರೆ ಹದಿನಾಲ್ಕು. ಸರಿಸಂಖ್ಯೆಯೇ ಆಗಬೇಕು. ಬೆಸ ಆದರೆ ಕೊನೆಯ ಮಡಿಕೆಯ ಬೆನ್ನು ಒಳಗೆ ತಿರುಗುತ್ತದೆ, ಹಿಂದಿನ ರಟ್ಟು ಅಂಟಿಸಲು ಜಾಗವೇ ಇರುವುದಿಲ್ಲ.

ಈ ಹದಿನಾಲ್ಕರಲ್ಲಿ ಇನ್ನೊಂದು ಅನುಕೂಲವಿದೆ. ಕಡತವನ್ನು ಪುಸ್ತಕದ ಹಾಗೆ ಎರಡೆರಡು ಮಡಿಕೆ ಬಿಡಿಸಿದರೆ ಎಡಗಡೆ ದಾರಿ, ಬಲಗಡೆ ಮನೆ ಬರುತ್ತದೆ. ಹೆಸರಿರುವ ಮೊದಲ ಜೋಡಿ ಬಿಟ್ಟರೆ, ಪ್ರತಿ ಸಲ ಬಿಡಿಸಿದಾಗಲೂ ದಾರಿ ಒಂದು ಮನೆಗೆ ಮುಟ್ಟಿಸುತ್ತದೆ. ನೆಲದ ಮೇಲೆ ಪೂರ್ತಿ ಎಳೆದರೆ ಊರಿನ ಬೀದಿಯೇ ಸಿಗುತ್ತದೆ. ಒಬ್ಬರೇ ಕೂತು ಓದುವುದಕ್ಕೂ ಆಯಿತು, ಹತ್ತು ಮಕ್ಕಳು ಅಕ್ಕಪಕ್ಕ ಕೂತು ಓದುವುದಕ್ಕೂ ಆಯಿತು.

ಒಂದು ಮಡಿಕೆ 22 ಸೆಂಟಿಮೀಟರ್ ಅಗಲ, 26 ಎತ್ತರ. ಹದಿನಾಲ್ಕಕ್ಕೆ 308 ಸೆಂಟಿಮೀಟರ್. ಬಟ್ಟೆ ಕುಗ್ಗುತ್ತದೆ, ತುದಿಗೆ ಸ್ವಲ್ಪ ಬಿಡಬೇಕು, ಹಾಗಾಗಿ ನಾಲ್ಕು ಮೀಟರ್ ಕೋರಾ ಬಟ್ಟೆ ತಂದೆ. 36 ಇಂಚು ಪನ್ನದಲ್ಲಿ, ಅಂದರೆ ಬಟ್ಟೆಯ ಅಗಲದಲ್ಲಿ, ಉದ್ದಕ್ಕೆ ಮೂರು ಪಟ್ಟಿ ಸಿಗುತ್ತವೆ. ಒಂದು ಕಡತಕ್ಕೆ, ಒಂದು ಪರೀಕ್ಷೆಗೆ, ಒಂದು ಮುಂದಿನ ಕಡತಕ್ಕೆ.

ಕೋರಾ ಬಟ್ಟೆಯಲ್ಲಿ ನೇಯುವಾಗ ಹಾಕಿದ ಗಂಜಿ ಇರುತ್ತದೆ. ಅದು ಇದ್ದರೆ ನಮ್ಮ ಅಂಟು ಒಳಗೆ ಇಳಿಯುವುದಿಲ್ಲ. ರಾತ್ರಿ ನೆನೆಸಿ, ಬೆಳಿಗ್ಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ ಕುದಿಸಿ, ಜಾಲಿಸಿ ಒಣಗಿಸಿದೆ. ಆಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಮೇಲೇ ನಿಂತರೆ ಗಂಜಿ ಇನ್ನೂ ಇದೆ ಎಂದು ಅರ್ಥ. ತಕ್ಷಣ ಹೀರಿಕೊಂಡರೆ ಬಟ್ಟೆ ತಯಾರು.

ಕತ್ತರಿಸುವಾಗ ಸ್ಕೇಲ್ ನಂಬಬೇಡಿ, ಎಳೆ ನಂಬಿ. ಅಂಚಿನಲ್ಲಿ ಅಳತೆ ಹಾಕಿ ಸಣ್ಣಗೆ ಕತ್ತರಿಸಿ, ಅಲ್ಲಿಂದ ಒಂದೇ ಒಂದು ಎಳೆಯನ್ನು ಸೂಜಿಮೊನೆಯಲ್ಲಿ ಎತ್ತಿ ಮೆಲ್ಲಗೆ ಎಳೆಯಿರಿ. ಬಟ್ಟೆ ನೆರಿಗೆ ನೆರಿಗೆಯಾಗಿ ಸೇರಿಕೊಂಡು, ಎಳೆ ಜಾರಿ ಬಂದ ಜಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಬಿಡುತ್ತದೆ. ಆ ಗೆರೆ ಹಿಡಿದು ಕತ್ತರಿಸಿದರೆ ಮೂರು ಮೀಟರ್ ಉದ್ದಕ್ಕೂ ಒಂದು ಎಳೆ ಆಚೀಚೆ ಆಗುವುದಿಲ್ಲ. ಮಡಿಕೆಯ ಗೆರೆಗಳನ್ನೂ ಹೀಗೇ ಅಡ್ಡಕ್ಕೆ ಹೊಕ್ಕಿನ ಎಳೆ ತೆಗೆದು ಗುರುತು ಮಾಡಿದೆ. ಎಳೆ ತೆಗೆದ ಕಡೆ ಬಟ್ಟೆ ತಾನಾಗಿಯೇ ಮಡಿಯಲು ಒಪ್ಪುತ್ತದೆ.

ಅಂಟು

ತುಮಕೂರು ಸೀಮೆಯವರಿಗೆ ಹುಣಸೆ ಬೀಜ ಹುಡುಕುವ ಕಷ್ಟವಿಲ್ಲ. ಫೆಬ್ರವರಿಯಿಂದ ಯುಗಾದಿ ದಾಟುವವರೆಗೆ ಮನೆಮನೆಯ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೆಲಸ ನಡೆದಿರುತ್ತದೆ. ಎದುರುಮನೆ ಅಜ್ಜಿ ಮೊರದ ತುಂಬ ಬೀಜ ಕೊಟ್ಟು, ಯಾತಕ್ಕೆ ಎಂದು ಕೇಳಿದರು. ಹೇಳಿದೆ. "ಕಂಬಳಿಗೆ ಹಾಕೋ ಸರಿ ಕಣಮ್ಮ ಅದು. ಹುರಿದು ಸಿಪ್ಪೆ ಬಿಡಿಸಿ ರಾತ್ರಿ ನೆನೆಹಾಕು. ಹಸೀದು ರುಬ್ಬಕ್ಕೆ ಹೋಗಬೇಡ, ಮಿಕ್ಸಿ ಹೋಯ್ತದೆ" ಎಂದರು. ಕಂಬಳಿ ನೇಯುವವರು ಗಟ್ಟಿ ಬರಲೆಂದು ಹುಣಸೆ ಬೀಜದ ಸರಿಯನ್ನೇ, ಅಂದರೆ ಗಂಜಿಯನ್ನೇ, ಹಚ್ಚುತ್ತಾರೆ. ಕೊಪ್ಪಳ ಕಡೆಯ ಕಿನ್ನಾಳದ ಗೊಂಬೆಗಳಿಗೂ ಇದೇ ಅಂಟು. ಗೊತ್ತಿರುವವರು ಇನ್ನೂ ನಮ್ಮ ನಡುವೆಯೇ ಇದ್ದಾರೆ ಎನ್ನುವುದು ನನಗೆ ದೊಡ್ಡ ಧೈರ್ಯ.

ಬೀಜವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಸಿಪ್ಪೆ ಚಟಪಟ ಸಿಡಿಯಲು ಶುರುವಾದಾಗ ಇಳಿಸಿ. ಸೀಯಬಾರದು, ಸೀದರೆ ಅಂಟಿನ ಕಸುವು ಹೋಗುತ್ತದೆ. ಒರಳಿನಲ್ಲಿ ಹಗುರಾಗಿ ಕುಟ್ಟಿದರೆ ಕಂದು ಸಿಪ್ಪೆ ಬಿಡುತ್ತದೆ. ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿದರೆ ಒಳಗಿನ ಕೆನೆಬಣ್ಣದ ಬೇಳೆ ಉಳಿಯುತ್ತದೆ. ಕಾಲು ಕೇಜಿ ಬೀಜಕ್ಕೆ ಸುಮಾರು ನೂರೈವತ್ತು ಗ್ರಾಂ ಬೇಳೆ ಸಿಗುತ್ತದೆ. ರಾತ್ರಿ ನೆನೆಸಿ, ಬೆಳಿಗ್ಗೆ ನುಣ್ಣಗೆ ರುಬ್ಬಿ, ಎರಡು ಲೀಟರಿಗೆ ಸ್ವಲ್ಪ ಜಾಸ್ತಿ ನೀರು ಸೇರಿಸಿ ಒಲೆ ಮೇಲಿಟ್ಟೆ. ಅರ್ಧ ಗಂಟೆಯಾದರೂ ಕುದಿಯಬೇಕು, ಕೈ ಬಿಡದೆ ತಿರುವುತ್ತಿರಬೇಕು. ಮೊದಲು ಹಾಲಿನ ಹಾಗೆ ಬೆಳ್ಳಗಿರುತ್ತದೆ. ಆಮೇಲೆ ನೊರೆ ಅಡಗಿ, ಬಣ್ಣ ತಿಳಿಯಾಗಿ, ಸೌಟಿನಿಂದ ದಾರದಂತೆ ಇಳಿಯಲು ಶುರುವಾಗುತ್ತದೆ. ಅದೇ ಹದ. ಬಿಸಿಯಿರುವಾಗಲೇ ಪಂಚೆ ಬಟ್ಟೆಯಲ್ಲಿ ಸೋಸಿ. ಇದು ಎರಡು ದಿನದ ಮೇಲೆ ಇರುವುದಿಲ್ಲ, ಬೂಸ್ಟು ಬಂದು ವಾಸನೆ ಹೊಡೆಯುತ್ತದೆ. ಬೇಕಾದಷ್ಟೇ ಕಾಯಿಸಿ.

ಪುಸ್ತಕ ಕಟ್ಟುವವರು ಹುಳ ಹಿಡಿಯದಿರಲಿ ಎಂದು ಅಂಟಿಗೆ ಮೈಲುತುತ್ತ ಹಾಕುವುದುಂಟು. ಮಕ್ಕಳ ಪುಸ್ತಕಕ್ಕೆ ಅದು ಬೇಡವೇ ಬೇಡ. ಅದು ವಿಷ. ಚಿಕ್ಕ ಮಕ್ಕಳು ಪುಸ್ತಕದ ಮೂಲೆಯನ್ನು ಬಾಯಿಗಿಡುತ್ತಾರೆ. ಹುಳದ ಕಾಟಕ್ಕೆ ಬೇರೆ ದಾರಿ ನೋಡೋಣ.

ಇದ್ದಿಲು ತೆಂಗಿನ ಚಿಪ್ಪಿನದು. ತಿಪಟೂರು ಹತ್ತಿರವಿರುವಾಗ ಚಿಪ್ಪಿಗೇನು ಬರ? ಕುಟ್ಟಿ, ಅರೆದು, ತೆಳು ಬಟ್ಟೆಯಲ್ಲಿ ಜರಡಿ ಹಿಡಿದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಅಂಗಳದಲ್ಲಿ ಗಾಳಿ ಇಲ್ಲದ ಹೊತ್ತು ನೋಡಿ ಮಾಡಿ. ಎರಡು ಬೆರಳ ನಡುವೆ ಉಜ್ಜಿದರೆ ತರಿ ಸಿಗಬಾರದು. ತರಿ ಉಳಿದರೆ ಬಳಪ ಅಲ್ಲಲ್ಲಿ ಕೆರೆಯುತ್ತದೆ.

ಪರೀಕ್ಷೆಯ ಪಟ್ಟಿ

ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದು. ಎರಡನೇ ಪಟ್ಟಿಯನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸಿ ಬೇರೆ ಬೇರೆ ಹದ ಹಚ್ಚಿದೆ. ತೆಳು ಅಂಟಿಗೆ ಜಾಸ್ತಿ ಇದ್ದಿಲು ಹಾಕಿದ್ದು ಕಾಡಿಗೆಯಷ್ಟು ಕಪ್ಪಾಗಿ ಚೆಂದ ಕಂಡಿತು, ಆದರೆ ಬಿಳಿ ಬಟ್ಟೆಯಲ್ಲಿ ತಿಕ್ಕಿದರೆ ಬಣ್ಣವೆಲ್ಲ ಬಟ್ಟೆಗೆ. ದಪ್ಪ ಅಂಟು ಹಚ್ಚಿದ್ದು ಮಿರಮಿರ ಹೊಳೆಯಿತು, ಬಳಪ ಅದರ ಮೇಲೆ ಜಾರುತ್ತದೆ, ಗೆರೆಯೇ ಹಿಡಿಯುವುದಿಲ್ಲ, ಮಡಿಸಿದರೆ ಬಿರುಕು. ಹಳೆಯ ವಿವರಣೆಯಲ್ಲಿ ಮೊದಲು ಅಂಟು, ಆಮೇಲೆ ಇದ್ದಿಲು ಎಂದಿದೆ. ಹಾಗೆ ಮಾಡಿದ ತುಂಡಿನಲ್ಲಿ ಕಪ್ಪು ಸಮವಾಗಿ ಬಂತು, ಆದರೆ ಮೇಲಿನ ಪುಡಿ ಕೈಗೆ ಹತ್ತುತ್ತಲೇ ಇತ್ತು.

ಕೊನೆಗೆ ಎರಡನ್ನೂ ಸೇರಿಸಿದೆ. ಮೊದಲ ಕೋಟು ಬರೀ ಅಂಟು, ನೀರಾಗಿ, ಬಟ್ಟೆ ಕುಡಿಯುವಷ್ಟು. ಒಣಗಿದ ಮೇಲೆ ಒಂದು ಲೋಟ ಅಂಟಿಗೆ ಎರಡು ಚಮಚ ಇದ್ದಿಲು ಕಲಸಿ ತೆಳುವಾಗಿ ಎರಡು ಕೋಟು. ಪ್ರತಿ ಕೋಟಿನ ನಂತರ ಹೊಳೆಯ ನುಣುಪು ಕಲ್ಲಿನಲ್ಲಿ ಉಜ್ಜುವುದು. ಇದರ ಮೇಲೆ ಬಳಪ ಕರಕರ ಎನ್ನದೆ ಸರಾಗ ಓಡಿತು, ಒಣ ಬಟ್ಟೆಯಲ್ಲಿ ಒರೆಸಿದರೆ ಪೂರ್ತಿ ಹೋಯಿತು, ಬೆರಳು ಕಪ್ಪಾಗಲಿಲ್ಲ. ಒರೆಸಲು ಒಣ ಬಟ್ಟೆಯೇ ಇರಬೇಕು. ಒದ್ದೆ ಬಟ್ಟೆ ಹಾಕಿದರೆ ಅಂಟು ಉಬ್ಬಿ ಮೆತ್ತಗಾಗುತ್ತದೆ.

ಬಳಪದ ಬಗ್ಗೆ ಒಂದು ಮಾತು. ಅಂಗಡಿಯ ಸ್ಲೇಟು ಕಡ್ಡಿಗಳಲ್ಲಿ ಕೆಲವು ಗಡುಸು, ಮೇಲ್ಮೈ ಗೀರುತ್ತವೆ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಮೇಲೆ ಗುರುತು ಹಾಕಲು ಚಪ್ಪಟೆ ಬಳಪ ಇಟ್ಟುಕೊಂಡಿರುತ್ತಾರೆ. ನಿಜವಾದ ಬಳಪದ ಕಲ್ಲು, ಉಗುರಿನಲ್ಲಿ ಗೀರಿದರೆ ಗೀರು ಬೀಳುತ್ತದೆ. ಅದೇ ಬೆಸ್ಟು. ಬೇಲೂರು, ಹಳೇಬೀಡಿನ ಗುಡಿಗಳನ್ನು ಕಟ್ಟಿದ್ದೂ ಇದೇ ಜಾತಿಯ ಮೆದುಕಲ್ಲಿನಲ್ಲಿ. ಮಕ್ಕಳಿಗೆ ಇದನ್ನು ಹೇಳಿ ಕೈಗೆ ಬಳಪ ಕೊಟ್ಟರೆ ಹಿಡಿಯುವ ರೀತಿಯೇ ಬೇರೆ ಆಗುತ್ತದೆ.

ಹಚ್ಚುವುದು, ಮಡಿಸುವುದು

ನೇಕಾರರು ಉದ್ದ ಎಳೆಗಳಿಗೆ ಗಂಜಿ ಹಚ್ಚುವಾಗ ನೂಲನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರಲ್ಲ, ಹಾಗೇ ಮಹಡಿ ಮೇಲೆ ಎರಡು ಕಂಬಗಳ ನಡುವೆ ಪಟ್ಟಿಯನ್ನು ಕಟ್ಟಿದೆ. ತುದಿಗಳಿಗೆ ಬಿದಿರು ಕಡ್ಡಿ ಹೊಲಿದುಕೊಂಡರೆ ಅಗಲಕ್ಕೂ ಬಿಗಿ ಸಿಗುತ್ತದೆ. ಎರಡೂ ಮೈಗೆ ಒಟ್ಟಿಗೇ ಹಚ್ಚಿ. ಒಂದೇ ಮೈಗೆ ಹಚ್ಚಿದರೆ ಒಣಗುತ್ತಾ ಸುರುಳಿ ಸುತ್ತಿಕೊಳ್ಳುತ್ತದೆ. ಅಗಲ ಬ್ರಷ್ಷಿನಲ್ಲಿ ಉದ್ದಕ್ಕೆ ಒಂದು ಕೈ, ಅಡ್ಡಕ್ಕೆ ಒಂದು ಕೈ. ಮಡಿಕೆಯ ಗೆರೆಗಳ ಮೇಲೆ ಕಪ್ಪಿನ ಒಂದೇ ಕೋಟು, ಎರಡನೆಯದು ಬಿಟ್ಟೆ. ಅಲ್ಲಿ ಪದರ ತೆಳುವಾಗಿದ್ದಷ್ಟೂ ಬಿರುಕು ಕಮ್ಮಿ.

ಪೂರ್ತಿ ಗರಿಗರಿಯಾಗುವ ಮುಂಚೆ, ಸ್ವಲ್ಪ ತಂಪು ಇರುವಾಗಲೇ ಮಡಿಸಬೇಕು. ಎಳೆ ತೆಗೆದ ಗೆರೆಯ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು, ಚಮಚದ ಬೆನ್ನಿನಲ್ಲಿ ಒತ್ತಿ ಗೆರೆ ಮೂಡಿಸಿ, ಒಂದು ಒಳಗೆ ಒಂದು ಹೊರಗೆ ಮಡಿಸುತ್ತಾ ಹೋದೆ. ಎರಡು ಹಲಗೆ ನಡುವೆ ಇಟ್ಟು ಮೇಲೆ ಒರಳುಕಲ್ಲಿನ ಗುಂಡು ಹೇರಿ ರಾತ್ರಿ ಬಿಟ್ಟೆ. ರಟ್ಟಿನ ಬದಲು ತೆಳು ಪ್ಲೈವುಡ್, ಅಂಚುಗಳನ್ನು ಮರಳುಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿದ್ದು. ಮೊದಲ ಮಡಿಕೆಯ ಬೆನ್ನು, ಕೊನೆಯ ಮಡಿಕೆಯ ಬೆನ್ನು ಇದಕ್ಕೆ ಅಂಟುತ್ತವೆ. ಕಟ್ಟಲು ಎರಡು ಲಾಡಿ. ಪ್ಲೈವುಡ್ ಬಿಟ್ಟರೆ ಖರ್ಚು ಬಹಳ ಕಮ್ಮಿ.

ಬೆಕ್ಕು ಎಲ್ಲಿ?

ಕಪ್ಪು ಕಡತದಲ್ಲಿ ಬೆಕ್ಕನ್ನು ನಾನು ಬರೆದಿಲ್ಲ. ಮನೆಗಳನ್ನು ಬಿಳಿ ಫ್ಯಾಬ್ರಿಕ್ ಬಣ್ಣದಲ್ಲಿ ಬರೆದೆ, ಅವು ಅಳಿಸುವುದಿಲ್ಲ. ಹೆಜ್ಜೆಗಳೂ ಅಳಿಸುವುದಿಲ್ಲ. ಪ್ರತಿ ಮನೆಯ ಕತ್ತಲಲ್ಲಿ ತಾಯಿಯ ಎರಡು ಕಣ್ಣು, ಜೊತೆಗೆ ಮರಿಗಳ ಕಣ್ಣು, ಅವೂ ಅಳಿಸುವುದಿಲ್ಲ. ಮೈ, ಬಾಲ, ಮೀಸೆ, ಪಟ್ಟೆ, ಮರಿಗಳ ಮೈ ಎಲ್ಲ ಮಕ್ಕಳಿಗೆ ಬಿಟ್ಟದ್ದು. ಕಣ್ಣಿನ ಸುತ್ತ ಬಳಪದಲ್ಲಿ ತಮಗೆ ಗೊತ್ತಿರುವ ಬೆಕ್ಕನ್ನು ಬರೆಯುತ್ತಾರೆ, ಆಮೇಲೆ ಒರೆಸಿ ಇನ್ನೊಬ್ಬರಿಗೆ ಕೊಡುತ್ತಾರೆ. ಮನೆಗಳು ನಿಂತಲ್ಲೇ ನಿಂತಿವೆ, ಬೆಕ್ಕು ಮಾತ್ರ ಬಂದು ಹೋಗುತ್ತದೆ. ಬೀದಿ ಬೆಕ್ಕಿನ ಬದುಕೂ ಹಾಗೇ ಅಲ್ವಾ?

ಕಣ್ಣನ್ನು ಬರೆಯುವಾಗ ಹೊತ್ತು ನೋಡಿಕೊಂಡೆ. ರಾತ್ರಿಯ ಮನೆಗಳಲ್ಲಿ ಪಾಪೆ ದುಂಡಗೆ, ದೊಡ್ಡದಾಗಿ. ಟೈಲರ್ ಅಂಗಡಿಯಲ್ಲಿ ಷಟರ್ ಎತ್ತಿ ಬಿಸಿಲು ಒಳಗೆ ಬಿದ್ದಿದೆ, ಅಲ್ಲಿ ಪಾಪೆ ನೆಟ್ಟಗಿನ ಸಣ್ಣ ಗೆರೆ.

ಹೆಜ್ಜೆಯ ಮುದ್ರೆಯನ್ನು ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಕೆತ್ತಿದೆ. ಬೆಕ್ಕಿನ ಮುಂಗಾಲಿಗೆ ಐದು ಬೆರಳಿದ್ದರೂ ಒಂದು ಮೇಲಿರುತ್ತದೆ, ನೆಲಕ್ಕೆ ನಾಲ್ಕೇ ಮೂಡುತ್ತವೆ. ನಡುವಿನ ಮೆತ್ತೆಯ ಹಿಂಭಾಗದಲ್ಲಿ ಮೂರು ಉಬ್ಬು. ಉಗುರಿನ ಗುರುತು ಬೇಡ, ನಡೆಯುವಾಗ ಬೆಕ್ಕು ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ. ಉಗುರು ಮೂಡಿದರೆ ಅದು ನಾಯಿ. ಇನ್ನೊಂದು ಸೊಗಸು ನೋಡಿ. ಬೆಕ್ಕಿನ ಹಿಂಗಾಲು ಮುಂಗಾಲು ಇಟ್ಟ ಜಾಗದಲ್ಲೇ ಬೀಳುತ್ತದೆ. ಹಾಗಾಗಿ ನಾಲ್ಕು ಕಾಲಿದ್ದರೂ ಮಣ್ಣಿನಲ್ಲಿ ಒಂದೇ ಸಾಲು, ಹೆಚ್ಚುಕಮ್ಮಿ ನೇರವಾಗಿ. ನನಗೂ ಒಂದು ದಾರಿಗೆ ಒಂದೇ ಸಾಲು ಒತ್ತಿದರೆ ಸಾಕಾಯಿತು.

ಮೊದಲ ಐದು ದಾರಿಗಳಲ್ಲಿ ಐದೈದು ಸಾಲು. ಮೂರರಲ್ಲಿ ಬೆರಳು ಬಲಕ್ಕೆ, ಎರಡರಲ್ಲಿ ಎಡಕ್ಕೆ. ಮರಿಗಳ ಹೆಜ್ಜೆ ಎಲ್ಲೂ ಇಲ್ಲ, ಅವು ತಾಯಿಯ ಬಾಯಲ್ಲಿವೆ. ಕತ್ತಿನ ಹಿಂಬದಿಯ ಚರ್ಮ ಕಚ್ಚಿ ಎತ್ತಿದ ಕೂಡಲೇ ಮರಿ ಕೈಕಾಲು ಮಡಚಿ ಅಲುಗಾಡದೆ ಸುಮ್ನೆ ಆಗುತ್ತದೆ, ಹೊರುವುದು ಸಲೀಸು. ಆರನೇ ದಾರಿ ಮಾತ್ರ ಬೇರೆ. ಅಲ್ಲಿ ದೊಡ್ಡ ಹೆಜ್ಜೆಯ ಒಂದು ಸಾಲು, ಅದರ ಹಿಂದೆ ಬಟಾಣಿಯಷ್ಟು ಚಿಕ್ಕ ಹೆಜ್ಜೆಯ ಮೂರು ಸಾಲು, ಅಂಕುಡೊಂಕಾಗಿ. ಎಲ್ಲ ಬಲಕ್ಕೆ. ವಾಪಸ್ ಬರುವ ಸಾಲು ಒಂದೂ ಇಲ್ಲ.

ಇದು ಸುಮ್ಮನೆ ಕತೆಗೆಂದು ಮಾಡಿದ್ದಲ್ಲ. ಮರಿ ಹುಟ್ಟಿದಾಗ ಕಣ್ಣು ಮುಚ್ಚಿರುತ್ತದೆ, ಕಿವಿ ಮಡಚಿರುತ್ತದೆ. ವಾರ ಹತ್ತು ದಿನಕ್ಕೆ ಕಣ್ಣು ಬಿಡುತ್ತದೆ, ಮೊದಮೊದಲು ಎಲ್ಲ ಮರಿಗಳ ಕಣ್ಣೂ ನೀಲಿ. ಮೂರು ವಾರಕ್ಕೆ ತಟ್ಟಾಡುತ್ತಾ ನಡೆಯುತ್ತದೆ. ನಾಲ್ಕೈದು ವಾರಕ್ಕೆ ಓಡುತ್ತದೆ. ಏಳು ಮನೆ ಮುಗಿಯುವ ಹೊತ್ತಿಗೆ ಮರಿ ಹೊರಲಾಗದಷ್ಟು ದೊಡ್ಡದಾಗಿರುತ್ತದೆ. ಹಾಗಾಗಿ ಮೊದಲ ಎರಡು ಮನೆಯಲ್ಲಿ ಮರಿಗಳ ಕಣ್ಣನ್ನು ಬರೀ ಗೆರೆಯಾಗಿ ಬರೆದೆ. ಮೂರನೇ ಮನೆಯಿಂದ ಚುಕ್ಕೆ. ಆ ಚುಕ್ಕೆಗೆ ನೀಲಿ ಬಣ್ಣ. ಇಡೀ ಕಡತದಲ್ಲಿ ಕಪ್ಪು ಬಿಳಿ ಬಿಟ್ಟು ಇರುವ ಬಣ್ಣ ಅದೊಂದೇ.

ಮನೆಗಳೆಲ್ಲ ನಮ್ಮೂರಿನವು. ಮಾತು ಬಹಳ ಕಮ್ಮಿ ಇಟ್ಟೆ:

ಹುಲ್ಲಿನ ಮೆದೆ. ಮೆತ್ತಗಿದೆ, ಬೆಚ್ಚಗಿದೆ.
ಹಸುವಿಗೆ ಹಸಿವಾಯಿತು.
ಏಳು, ಮುಂದಿನ ಮನೆ!

ರಾಗಿ ಮಿಲ್ಲು. ಮೂಟೆ ಸಂದಿ ಗಮ್ಮಗಿದೆ.
ಬೆಲ್ಟು ತಿರುಗಿತು, ಗಡಗಡಗಡ!
ಏಳು, ಮುಂದಿನ ಮನೆ!

ಟೈಲರ್ ಅಂಗಡಿ. ಚಿಂದಿಯ ಹಾಸಿಗೆ.
ಯಾರೋ ಷಟರ್ ಎತ್ತಿದರು.
ಏಳು, ಮುಂದಿನ ಮನೆ!

ಕೊಬ್ಬರಿ ಅಟ್ಟ. ಇಲಿಯೂಟ ಜೋರು.
ಕಾಯಿ ಉರುಳಿತು, ದಡಬಡ ದಡಬಡ!
ಏಳು, ಮುಂದಿನ ಮನೆ!

ಐದನೆಯದು ಕೆಟ್ಟು ನಿಂತ ಟ್ರ್ಯಾಕ್ಟರ್, ಮಳೆ ಬಂದು ಸೋರುತ್ತದೆ. ಆರನೆಯದು ಶಾಲೆಯಲ್ಲಿ ಆಟದ ಸಾಮಾನಿಡುವ ಕೋಣೆ, ಬೆಲ್ಲು ಹೊಡೆದು ಮಕ್ಕಳೆಲ್ಲ ನುಗ್ಗುತ್ತಾರೆ. ಏಳನೆಯದು ಅರಳಿಕಟ್ಟೆಯ ಚಪ್ಪಡಿ ಕೆಳಗಿನ ಸಂದಿ. ಅಲ್ಲಿ ಇಷ್ಟೇ: "ಈ ಮನೆಗೆ ಮರಿಗಳೇ ನಡೆದು ಬಂದವು."

ಅಕ್ಷರ ಬರೆಯುವವರಿಗೆ ಒಂದು ಕಿವಿಮಾತು. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ. ಒತ್ತಕ್ಷರಗಳು ಕೆಳಗೆ ಇಳಿದು ಮುಂದಿನ ಸಾಲಿನ ತಲೆಕಟ್ಟಿಗೆ ಬಡಿದರೆ ಹೊಸದಾಗಿ ಓದಲು ಕಲಿತ ಮಗು ಅಲ್ಲೇ ತಡವರಿಸುತ್ತದೆ. ನಾನು ಅಕ್ಷರದ ಎತ್ತರದಷ್ಟೇ ಜಾಗವನ್ನು ಕೆಳಗೂ ಬಿಟ್ಟಿದ್ದೇನೆ. ಕಡತದ ಬೆನ್ನಿನ ಕಡೆ ರಟ್ಟಿಗೆ ಅಂಟಿದ ಎರಡು ಬಿಟ್ಟು ಹನ್ನೆರಡು ಮಡಿಕೆ ಖಾಲಿ ಇವೆ. ಅಲ್ಲಿ ಮಕ್ಕಳು ಏನು ಬೇಕಾದರೂ ಬರೆದುಕೊಳ್ಳಲಿ.

ಮಕ್ಕಳ ಕೈಯಲ್ಲಿ

ಪಂಚಾಯಿತಿ ಗ್ರಂಥಾಲಯದ ಮೇಡಂ ಕಡತವನ್ನು ಸಂತೋಷದಿಂದ ಇಟ್ಟುಕೊಂಡರು. ಮೊದಲ ದಿನ ನೆಲದ ಮೇಲೆ ಪೂರ್ತಿ ಹಾಸಿದೆವು. ಮಕ್ಕಳು ಓದಲಿಲ್ಲ, ಹೆಜ್ಜೆ ಹಿಡಿದು ಹೊರಟರು. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಬೆರಳಿಟ್ಟು ಹೋದಳು, ಎಡಕ್ಕೆ ತಿರುಗಿದ ಸಾಲು ಸಿಕ್ಕಿದಾಗ ನಿಂತಳು, ವಾಪಸ್ ಬಂದಳು, ಮತ್ತೆ ಹೋದಳು. "ಅಕ್ಕಾ, ಬರುವಾಗ ಬಾಯಲ್ಲಿ ಏನೂ ಇಲ್ಲ ಅಲ್ವಾ?" ಎಂದಳು. ಇಲ್ಲ ಎಂದೆ. "ಹಂಗಾದ್ರೆ ಇಲ್ಲೊಂದು ಮರಿ ಒಂದೇ ಕಾಯ್ತಾ ಇದೆ" ಎಂದು ಬಳಪ ತೆಗೆದುಕೊಂಡು ಹುಲ್ಲಿನ ಮೆದೆಯಲ್ಲಿ ಒಂದು ಮರಿಯನ್ನು ಬರೆದಳು. ನಾನು ಹೇಳಬೇಕೆಂದಿದ್ದ ಮಾತು ಅದೇ. ಅವಳೇ ಕಂಡುಕೊಂಡಳು.

ಅದರ ಬೆನ್ನಿಗೇ ಮಾತು ಶುರುವಾಯಿತು. ಒಂಟಿ ಮರಿ ಕಂಡರೆ ಏನು ಮಾಡಬೇಕು? ದೂರ ನಿಂತು ಕಾಯಬೇಕು. ಮುಟ್ಟದೆ, ಗಲಾಟೆ ಮಾಡದೆ, ತಾಯಿಗೆ ಬಂದು ಹೋಗಲು ದಾರಿ ಬಿಟ್ಟು. ನಾವು ಹತ್ತಿರ ನಿಂತಿದ್ದರೆ ತಾಯಿ ಬರುವುದಿಲ್ಲ. ಗಂಟೆಗಟ್ಟಲೆ ಕಾದರೂ ಬರದೆ, ಮರಿ ತಣ್ಣಗಾಗಿ ಸೊರಗಿದ್ದರೆ ಮಾತ್ರ ಬೆಚ್ಚಗೆ ಸುತ್ತಿ ಪಶು ಆಸ್ಪತ್ರೆಗೆ ತೋರಿಸಬೇಕು. ಒಬ್ಬ ಹುಡುಗ ಬೆಕ್ಕಿನ ಕಿವಿಯ ತುದಿ ಕತ್ತರಿಸಿದ ಹಾಗೆ ಬರೆದ. ತುಮಕೂರಿನ ಅತ್ತೆ ಮನೆ ಹತ್ತಿರ ಅಂಥದ್ದನ್ನು 'ನೋಡಿದ್ದನಂತೆ'. ಮರಿಯಾಗದಂತೆ ಆಪರೇಷನ್ ಮಾಡಿದ ಬೀದಿ ಬೆಕ್ಕಿಗೆ ಹಾಗೆ ಗುರುತು ಮಾಡುತ್ತಾರೆ ಎಂದು ಹೇಳಿದೆ. ಹಾಗಿದ್ದರೆ ಈ ಕತೆಯ ಬೆಕ್ಕಿಗೂ ಕೊನೆಯಲ್ಲಿ ಮಾಡಿಸೋಣ ಎಂದು ತೀರ್ಮಾನವಾಯಿತು. ಈಗ ಏಳನೇ ಮನೆಯ ಬೆಕ್ಕಿಗೆ ಯಾರು ಬರೆದರೂ ಒಂದು ಕಿವಿ ಮೊಂಡು.

ರಿಪೇರಿ

ದಿನಾ ಬಿಡಿಸಿ ಮಡಿಸಿದ್ದರಿಂದ ಮಡಿಕೆಯ ಗೆರೆಗಳು ಬೆಳ್ಳಗಾದವು. ನಿರೀಕ್ಷೆ ಇದ್ದದ್ದೇ. ಹೊಸದಾಗಿ ಸ್ವಲ್ಪ ಅಂಟು ಕಾಯಿಸಿ, ಇದ್ದಿಲು ಕಲಸಿ, ಬ್ರಷ್ ಬೇಡ, ಬೆರಳ ತುದಿಯಲ್ಲಿ ಗೆರೆ ಉದ್ದಕ್ಕೂ ತಿಕ್ಕಿದೆ. ಕಡತವನ್ನು ಅರ್ಧ ಬಿಡಿಸಿ ಡೇರೆಯ ಹಾಗೆ ನಿಲ್ಲಿಸಿ ಒಣಗಿಸಬೇಕು. ಚಪ್ಪಟೆ ಹಾಸಿ ಒಣಗಿಸಿದರೆ ಮೊದಲ ಸಲ ಮಡಿಸಿದಾಗಲೇ ಬಿರುಕು ಬಿಡುತ್ತದೆ.

ಕೆಳಗಿನ ಅಂಚು ಎರಡು ಕಡೆ ಎಳೆ ಬಿಟ್ಟಿತ್ತು. ಕಪ್ಪು ದಾರದಲ್ಲಿ ಅಂಚು ಸುತ್ತಿ ಹೊಲಿದು, ಮೇಲೆ ಅಂಟು ಸವರಿದೆ. ಮುಂದಿನ ಕಡತಕ್ಕೆ ಅಂಟು ಹಚ್ಚುವ ಮುಂಚೆಯೇ ಎರಡೂ ಅಂಚು ಹೊಲಿದುಕೊಳ್ಳುತ್ತೇನೆ. ಅಂಟು ಹಚ್ಚಿದ ಬಟ್ಟೆಗೆ ಸೂಜಿ ಇಳಿಸುವುದು ಬೆರಳಿಗೆ ಕಷ್ಟ.

ಬೆನ್ನಿನ ಖಾಲಿ ಮಡಿಕೆಗಳಲ್ಲಿ ಬರೆದು ಒರೆಸಿ, ಬರೆದು ಒರೆಸಿ ಬೂದುಬಣ್ಣ ಕೂತಿತ್ತು. ಅಲ್ಲಿಗೆ ಪೂರ್ತಿ ಒಂದು ಕೋಟು ಕಪ್ಪು, ಕಲ್ಲಿನಲ್ಲಿ ಉಜ್ಜುವಿಕೆ. ಮತ್ತೆ ಹೊಸದೇ. ಕಾಗದದ ಪುಸ್ತಕ ಸವೆದರೆ ಮುಗಿಯಿತು, ಇದಕ್ಕೆ ಹಾಗಿಲ್ಲ. ಮುಂಭಾಗಕ್ಕೆ ಮಾತ್ರ ಕೋಟು ಹಚ್ಚುವಾಗ ಬಿಳಿ ಬಣ್ಣದ ಮೇಲೆ ಹೋಗದಂತೆ ಸಣ್ಣ ಬ್ರಷ್ಷಿನಲ್ಲಿ ಸುತ್ತು ಹಾಕಬೇಕು, ಅದು ನಿಧಾನದ ಕೆಲಸ.

ಮಳೆಗಾಲ ಇದಕ್ಕೆ ಶತ್ರು. ಹುಣಸೆ ಅಂಟು ತೇವ ಹೀರಿ ಬೂಸ್ಟು ಹಿಡಿಯುತ್ತದೆ, ಜಿರಲೆಗೂ ಇಷ್ಟ. ಒಣಗಿದ ಬೇವಿನ ಸೊಪ್ಪಿನ ಜೊತೆ ಹಳೇ ಕಾಟನ್ ಸೀರೆ ತುಂಡಿನಲ್ಲಿ ಸುತ್ತಿ ಬೀರುವಿನ ಮೇಲಿನ ಅರೆಯಲ್ಲಿಡಲು ಹೇಳಿದ್ದೇನೆ. ಪ್ಲಾಸ್ಟಿಕ್ ಕವರ್ ಬೇಡ, ಒಳಗೇ ಬೆವರುತ್ತದೆ. ಬಿಸಿಲು ಬಿದ್ದ ದಿನ ಎರಡು ಗಂಟೆ ಹೊರಗೆ ಹರಡಿದರೆ ಸಾಕು.

ಮೂರನೇ ಪಟ್ಟಿಯನ್ನು ಈಗ ಗಂಜಿ ತೆಗೆದು ಇಟ್ಟಿದ್ದೇನೆ. ಇದು ಪಕ್ಕದ ಊರಿನ ಶಾಲೆಗೆ. ಅಲ್ಲಿನ ಮಕ್ಕಳು ತಮ್ಮ ಊರಿನ ಏಳು ಮನೆಗಳ ಪಟ್ಟಿ ಆಗಲೇ ಬರೆದು ಕಳಿಸಿದ್ದಾರೆ. ಅದರಲ್ಲಿ ರೇಷ್ಮೆ ಹುಳು ಸಾಕುವ ಮನೆ ಒಂದಿದೆ, ನೀರಿನ ಟ್ಯಾಂಕಿನ ಪಂಪ್ ಮನೆ ಒಂದಿದೆ. ಮರಿಗಳು ನಾಲ್ಕಿರಲಿ ಎಂದು ಕೇಳಿದ್ದಾರೆ. ಹಾಗಾದರೆ ಒಂದು ದಾರಿಗೆ ನಾಲ್ಕು ಹೋಗು, ಮೂರು ಬಾ, ಒಟ್ಟು ಏಳು ಸಾಲು. 26 ಸೆಂಟಿಮೀಟರ್ ಎತ್ತರದಲ್ಲಿ ಅಷ್ಟು ಸಾಲು ಹಿಡಿಯಬೇಕಾದರೆ ಮುದ್ರೆಯನ್ನು ಇನ್ನೂ ಚಿಕ್ಕದು ಮಾಡಬೇಕು. ಹೊಸ ರಬ್ಬರ್ ತಂದಿದ್ದೇನೆ, ಈ ವಾರ ಕೆತ್ತುತ್ತೇನೆ.